ಮೈಕ್ರೋಫ್ರ್ಯಾಕ್ಚರ್: ಮಂಡಿ ಕೊಡುವ ಮೊದಲು ಗಾಯದ ಅಳತೆ ಕೇಳಿ

ಮಂಡಿಯೊಳಗಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿ ಮುಚ್ಚಿರುವ ನುಣುಪು ಪದರಕ್ಕೆ, ರಕ್ತನಾಳವಿಲ್ಲ. ಕಿತ್ತುಹೋದ ಜಾಗ ತಾನಾಗಿ ಮಾಯುವುದಿಲ್ಲ. ಅಡಿಯಲ್ಲಿರುವ ಮೂಳೆಯ ರಕ್ತದಿಂದಲೇ ಆ ಗುಂಡಿ ತುಂಬಿಸುವ ವಿಧಾನ ಮೈಕ್ರೋಫ್ರ್ಯಾಕ್ಚರ್. 1980ರ ದಶಕದಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯ ರಿಚರ್ಡ್ ಸ್ಟೆಡ್‌ಮನ್ ಇದನ್ನು ರೂಢಿಗೆ ತಂದರು. ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್, ಒಂದೇ ಸಲಕ್ಕೆ ಮುಗಿಯುತ್ತದೆ.

ಕೆಲಸದ ಅಚ್ಚುಕಟ್ಟುತನ ಇಲ್ಲಿ ಬಹಳ ಮುಖ್ಯ. ಮೊದಲು ಸಡಿಲವಾದ ಚೂರುಗಳನ್ನು ತೆಗೆದು, ಗಾಯದ ಅಂಚನ್ನು ಬಾವಿಯ ಗೋಡೆಯಂತೆ ನೇರ ಮಾಡಬೇಕು. ತಳದ ಸುಣ್ಣಗಟ್ಟಿದ ಪದರವನ್ನು ಕೆರೆಯದೆ ಬಿಟ್ಟರೆ ಹೊಸ ಅಂಗಾಂಶ ಅಂಟುವುದಿಲ್ಲ. ಆಮೇಲೆ ದಬ್ಬಣದಂಥ ಸಲಕರಣೆಯಿಂದ 3-4 ಮಿ.ಮೀ. ಅಂತರದಲ್ಲಿ ಮೂಳೆಗೆ ತೂತು. ಹತ್ತಿರ ಹತ್ತಿರ ಹೊಡೆದರೆ ನಡುವಿನ ಮೂಳೆ ಕುಸಿಯುತ್ತದೆ. ಕೊನೆಗೆ ಆಪರೇಷನ್ ವೇಳೆ ಮಂಡಿಯೊಳಗೆ ನೀರು ಹಾಯಿಸುವ ಪಂಪಿನ ಒತ್ತಡ ಇಳಿಸಿದಾಗ ಪ್ರತಿ ತೂತಿನಿಂದಲೂ ರಕ್ತ, ಕೊಬ್ಬಿನ ಹನಿ ಜಿನುಗಬೇಕು. ಜಿನುಗದಿದ್ದರೆ ಆಳ ಸಾಲದು ಎಂದರ್ಥ.

ಹೀಗೆ ಬೆಳೆಯುವುದು ಮೂಲ ಮೃದ್ವಸ್ಥಿಯಲ್ಲ, ನಾರಿನಂಥದ್ದು. ಸವೆತ ತಡೆಯುವ ಶಕ್ತಿ ಕಡಿಮೆ. ಆದ್ದರಿಂದ ಗಾಯ 2 ಚದರ ಸೆಂ.ಮೀ. ಒಳಗಿದ್ದು ಸುತ್ತಲಿನ ಮೃದ್ವಸ್ಥಿ ಗಟ್ಟಿಯಾಗಿದ್ದರೆ ಮಾತ್ರ ನಮ್ಮ ಒಪ್ಪಿಗೆ. ಅಲ್ಲೂ ಕೆಲವು ವರ್ಷಗಳಲ್ಲಿ ನೋವು ಮರಳಬಹುದು. ಇಡೀ ಮಂಡಿ ಸವೆದ ವಯಸ್ಸಾದವರಿಗೆ ಇದು ಬೇಡವೇ ಬೇಡ. ಕಾಲು ಬಿಲ್ಲಿನಂತೆ ಬಾಗಿದ್ದರೆ ಮೂಳೆಯನ್ನು ನೇರ ಮಾಡದೆ ತೂತು ಹೊಡೆಸಿ ಫಲವಿಲ್ಲ, ಭಾರವೆಲ್ಲ ಅದೇ ಜಾಗಕ್ಕೆ ಬೀಳುತ್ತದೆ.

ಹೆಚ್ಚಾಗಿ ಎಡವಟ್ಟಾಗುವುದು ಮನೆಯಲ್ಲಿ. ತೊಡೆಮೂಳೆಯ ತುದಿಯಲ್ಲಿ ಗಾಯವಿದ್ದರೆ 6ರಿಂದ 8 ವಾರ ಊರುಗೋಲು. ಪಾದ ನೆಲಕ್ಕೆ ತಾಗಿಸಬಹುದು, ಭಾರ ಬಿಡುವಂತಿಲ್ಲ. ಅದೇ ಅವಧಿಯಲ್ಲಿ ಮಂಡಿಯನ್ನು ಮೆಲ್ಲಗೆ ಮಡಚಿ ಚಾಚುತ್ತಲೇ ಇರಬೇಕು: ಯಂತ್ರವಿದ್ದರೆ ದಿನಕ್ಕೆ 6-8 ಗಂಟೆ, ಇಲ್ಲದಿದ್ದರೆ ಕೈಯಾಸರೆಯಲ್ಲಿ 500 ಸಲದಂತೆ ಮೂರು ಹೊತ್ತು. ನೋವಿಲ್ಲ ಎಂದು ಮೂರನೇ ವಾರಕ್ಕೇ ಊರುಗೋಲು ಮೂಲೆಗಿಟ್ಟರೆ ಎಳೆಯ ಅಂಗಾಂಶ ಅರೆದುಹೋಗುತ್ತದೆ. ಕುಕ್ಕರಗಾಲಿನ ಶೌಚಾಲಯವಿರುವ ಮನೆಯವರು ಆಪರೇಷನ್‌ಗೆ ಮೊದಲೇ ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ.

ಗಾಯ ದೊಡ್ಡದಿದ್ದರೆ ಜೀವಕೋಶ ಕಸಿಯ ಬಗ್ಗೆ ಕೇಳಿ. ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದ ವಿಧಾನವಿದು: ನಿಮ್ಮದೇ ಮೃದ್ವಸ್ಥಿಯ ಚೂರು ತೆಗೆದು, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ ಮರಳಿ ಕೂರಿಸುತ್ತಾರೆ. ಎರಡು ಆಪರೇಷನ್, ದುಬಾರಿ. ಆದರೂ ದೊಡ್ಡ ಗಾಯಕ್ಕೆ ಅಗ್ಗವೆಂದು ಮೈಕ್ರೋಫ್ರ್ಯಾಕ್ಚರ್ ಮಾಡಿಸಬೇಡಿ. ತೂತು ಬಿದ್ದ ಮೂಳೆಯ ಮೇಲೆ ಮುಂದೆ ಮಾಡುವ ಜೀವಕೋಶ ಕಸಿ ವಿಫಲವಾಗುವ ಸಂಭವ ಹೆಚ್ಚು.