ಸಸ್ಪಿರಿಯಾ 4ಕೆ ಡಿಸ್ಕ್: ಕೆಂಪು ಅಂದ್ರೆ ಇದು

ಡೇರಿಯೋ ಅರ್ಜೆಂಟೊ 1977ರಲ್ಲಿ ಮಾಡಿದ ಸಸ್ಪಿರಿಯಾ ಅನ್ನೋ ಇಟಾಲಿಯನ್ ಹಾರರ್ ಸಿನಿಮಾನ ನಾನು ಮೊದ್ಲು ನೋಡಿದ್ದು ಒಂದು ಹಳೇ ಡಿಸ್ಕಲ್ಲಿ. ಅದ್ರಲ್ಲಿ ಮುಖಗಳೆಲ್ಲಾ ಸುಣ್ಣ ಬಳಿದಂಗೆ ಬೆಳ್ಳಗೆ, ಬಣ್ಣ ಎಲ್ಲಾ ಕಡೆ ಚೆಲ್ಲಿದಂಗೆ ಇತ್ತು, ಭಯ ಆಗ್ಲಿಲ್ಲ, ಕಣ್ಣು ನೋವು ಬಂತು ಅಷ್ಟೇ. ಈಗ ಸಿನ್ಯಾಪ್ಸ್ ಅನ್ನೋ ಡಿಸ್ಕ್ ಕಂಪನಿಯವ್ರು ತಂದಿರೋ 4ಕೆ ಡಿಸ್ಕ್ ನೋಡಿದ್ಮೇಲೆ ಹೇಳ್ತೀನಿ, ನಾನು ಇಷ್ಟ್ ದಿನ ಈ ಸಿನಿಮಾ ನೋಡೇ ಇರ್ಲಿಲ್ಲ.

ಇದ್ರ ರಿಸ್ಟೋರೇಷನ್ನಿಗೆ, ಅಂದ್ರೆ ಹಳೇ ಫಿಲ್ಮನ್ನ ಮೊದಲಿನ ಥರ ಸರಿಮಾಡೋ ಕೆಲಸಕ್ಕೆ, ಸಿನಿಮಾದ ಛಾಯಾಗ್ರಾಹಕ ಲುಚಿಯಾನೊ ತೊವೋಲಿ ಅವ್ರೇ ಜೊತೆಗಿದ್ರು. ಅದು ಸ್ಕ್ರೀನ್ ಮೇಲೆ ಗೊತ್ತಾಗುತ್ತೆ. ಯಾಕಂದ್ರೆ ಇಲ್ಲಿ ಬಣ್ಣ ಆಮೇಲೆ ಕಂಪ್ಯೂಟರಲ್ಲಿ ಹಚ್ಚಿದ್ದಲ್ಲ, ದೊಡ್ಡ ದೊಡ್ಡ ಲೈಟಿನ ಮುಂದೆ ಬಣ್ಣದ ಬಟ್ಟೆ, ತೆಳು ಪೇಪರ್ ಕಟ್ಟಿ ನಟರ ಮುಖದ ಹತ್ರಾನೇ ಇಟ್ಟು ಶೂಟ್ ಮಾಡಿದ್ದು. ಆಮೇಲೆ ಪ್ರಿಂಟ್ ಹಾಕಿದ್ದು ಟೆಕ್ನಿಕಲರ್ ಪದ್ಧತೀಲಿ, ಒಂದೊಂದೇ ಡೈ ಬೇರೆ ಬೇರೆಯಾಗಿ ಫಿಲ್ಮಿಗೆ ಇಳಿಸೋದು, ಆ ಕಾಲಕ್ಕೆ ಆಗ್ಲೇ ಕೊನೆಗಾಲಕ್ಕೆ ಬಂದಿದ್ದ ಪದ್ಧತಿ ಅದು. ಡಿಸ್ನಿಯವ್ರ 1937ರ ಸ್ನೋ ವೈಟ್ ಥರ ಬಣ್ಣ ಬೇಕು ಅಂತ ಅರ್ಜೆಂಟೊ ಹಠ ಹಿಡಿದಿದ್ದಂತೆ, ಮಕ್ಕಳ ಕಥೆ ಬಣ್ಣದಲ್ಲಿ ಮಾಟಗಾತಿ ಕಥೆ, ಯೋಚ್ನೆ ಮಾಡಿ.

ಶುರುವಿನಲ್ಲೇ ಡ್ಯಾನ್ಸ್ ಸ್ಕೂಲಿಗೆ ಸೇರೋಕೆ ಬಂದ ನಾಯಕಿ ಸೂಸಿ ಮಳೇಲಿ ಟ್ಯಾಕ್ಸಿ ಹತ್ತಿ ಕೂತ್ಕೋತಾಳಲ್ಲ, ಅವ್ಳ ಮುಖದ ಮೇಲೆ ಬಣ್ಣಗಳು ಒಂದಾದ್ಮೇಲೊಂದು ಹರಿದು ಹೋಗ್ತವೆ, ಆ ಬೆಳಕು ಎಲ್ಲಿಂದ ಬಂತು ಅಂತ ಯಾರೂ ಹೇಳಲ್ಲ, ಹೇಳದೇ ಇರೋದ್ರಿಂದಾನೇ ಹೊಟ್ಟೇಲಿ ಏನೋ ಕಲಸಿದಂಗೆ ಆಗುತ್ತೆ. ಆ ಸ್ಕೂಲಿನ ಹುಡ್ಗೀರೆಲ್ಲಾ ದೊಡ್ಡ ಹಾಲ್‌ನಲ್ಲಿ ಬಿಳಿ ಪರದೆ ಕಟ್ಕೊಂಡು ಮಲಗೋ ಸೀನಂತೂ ಈ ಡಿಸ್ಕ್ ತಗೊಳೋಕೆ ಸಾಕು. ಲೈಟ್ ಆರಿಸ್ತಾರೆ, ಕತ್ತಲೆ ಆಗ್ಬೇಕು ತಾನೆ, ಆಗೋದು ಕೆಂಪು. ಆ ಕೆಂಪಿನ ಹಿಂದೆ ಯಾರೋ ಮಲ್ಗಿರೋ ನೆರಳು, ಗೊರಕೆ ಸದ್ದು. ಹಳೇ ಡಿಸ್ಕಲ್ಲಿ ಅದು ಬರೀ ಕೆಂಪು ಮುದ್ದೆ, ಇಲ್ಲಿ ಪರದೆಯ ಮಡಿಕೆ ಮಡಿಕೇನೂ ಕಾಣ್ಸುತ್ತೆ, ನೆರಳು ಗಟ್ಟಿ ಕಪ್ಪಾಗಿ ನಿಲ್ಲುತ್ತೆ. ಕಪ್ಪು ಕಪ್ಪಾಗಿ ಉಳಿದ್ರೇನೇ ಕೆಂಪಿಗೆ ಜೀವ, ನನಗೆ ಇದು ಅರ್ಥ ಆಗಿದ್ದು ಇಲ್ಲೇ.

ಆಮೇಲೆ ಸ್ಕೂಲಿನ ಕುರುಡ ಪಿಯಾನೋ ವಾದಕ ರಾತ್ರಿ ಖಾಲಿ ಚೌಕದಲ್ಲಿ ನಾಯಿ ಜೊತೆ ನಡೆಯೋದು, ಮ್ಯೂನಿಕ್‌ನ ಕೋನಿಗ್ಸ್‌ಪ್ಲಾಟ್ಸ್‌ನಲ್ಲಿ ತೆಗೆದಿದ್ದು. ಅಲ್ಲಿ ಬಣ್ಣಾನ ಹೆಚ್ಚುಕಮ್ಮಿ ಕಿತ್ಕೊಂಡ್ಬಿಟ್ಟಿದ್ದಾರೆ, ಬೆಳಗಿದ ಕಂಬಗಳು, ಸುತ್ತ ಕತ್ತಲೆ, ಅಷ್ಟೇ. ಅಷ್ಟೊತ್ತು ಬಣ್ಣದಲ್ಲಿ ಮುಳುಗಿದ್ದ ಕಣ್ಣಿಗೆ ಆ ಖಾಲಿತನ ಇನ್ನೂ ಜಾಸ್ತಿ ಹೆದರ್ಸುತ್ತೆ.

ಕೊರತೆ ಇಲ್ಲ ಅಂತಲ್ಲ. ಇಷ್ಟು ಕ್ಲಿಯರಾಗಿ ಕಾಣೋದ್ರಿಂದ ರಕ್ತ ಪೇಂಟ್ ಅಂತ ಗೊತ್ತಾಗುತ್ತೆ, ಬಾವಲಿ ಸೀನ್ ದುರ್ಬಲ, ಡಬ್ಬಿಂಗ್ ತುಟಿಗೆ ಕೂರಲ್ಲ. ಸೌಂಡ್ ಬಗ್ಗೆ ಒಂದೇ ಮಾತು, ನಾಲ್ಕು ಚಾನೆಲ್ಲಿನ 4.0 ಟ್ರ್ಯಾಕೇ ಹಾಕಿ, ಗಾಬ್ಲಿನ್ ತಂಡದ ಸಂಗೀತ ಸುತ್ತ ಮುತ್ಕೊಳ್ಳುತ್ತೆ.

ಟಿವೀಲಿ ಬಣ್ಣ ಜಾಸ್ತಿ ಮಾಡೋ ವಿವಿಡ್ ಮೋಡ್ ಮಾತ್ರ ದಯವಿಟ್ಟು ಆಫ್ ಮಾಡಿ, ಸಿನಿಮಾ ಮೋಡಲ್ಲಿಟ್ಟು ರೂಮಿನ ಲೈಟ್ ಪೂರ್ತಿ ಆರಿಸ್ಕೊಂಡು ನೋಡಿ, ಆಗ ಪರದೆಯ ಕೆಂಪು ನಿಮ್ಮ ಗೋಡೆ ಮೇಲೂ ಬೀಳುತ್ತೆ.