ಮಿಸ್‌ಗೈಡೆಡ್, ಮಿಸ್ಟೇಕನ್, ಮಿಸ್‌ಲೆಡ್: ಯಾವುದನ್ನು ಎಲ್ಲಿ ಹಾಕುವುದು?

ಇಂಗ್ಲಿಷ್‌ನಲ್ಲಿ ಮೇಲ್ ಬರೆಯುವಾಗ ಈ ಮೂರರ ಹತ್ತಿರ ಬಂದು ಕೈ ನಿಲ್ಲುತ್ತದೆ, ಅಲ್ವಾ?

ಮಿಸ್ಟೇಕನ್ ಸುಲಭ. ಮೀಟಿಂಗ್ ಮಂಗಳವಾರ ಇದೆ, ನೀವು ಬುಧವಾರ ಅಂದುಕೊಂಡಿರಿ. ನೀವು ಮಿಸ್ಟೇಕನ್, ಅಷ್ಟೇ. ಅದಕ್ಕೆ ಹೋಗಿ ಮಿಸ್‌ಗೈಡೆಡ್ ಅಂದರೆ ಸುಮ್ನೆ ಜಾಸ್ತಿಯಾಯಿತು.

ಮಿಸ್‌ಗೈಡೆಡ್‌ನಲ್ಲಿ ಸಾಮಾನ್ಯವಾಗಿ ಉದ್ದೇಶ ಒಳ್ಳೆಯದೇ, ಹಿಡಿದ ದಾರಿ ತಪ್ಪು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1935ರಲ್ಲಿ ಕಬ್ಬಿಗೆ ಬಿದ್ದ ಜೀರುಂಡೆ ಕಾಟ ತಪ್ಪಲಿ ಅಂತ ಹವಾಯಿಯಿಂದ ಕೇನ್ ಟೋಡ್ ಎಂಬ ದಪ್ಪ ಕಪ್ಪೆಗಳನ್ನು ತಂದು ಬಿಟ್ಟರು. ಜೀರುಂಡೆ ಹಾಗೇ ಉಳಿಯಿತು, ಕಪ್ಪೆಗಳು ಮಾತ್ರ ಸಿಕ್ಕಾಪಟ್ಟೆ ಹೆಚ್ಚಿ, ಅವುಗಳನ್ನು ತಿಂದ ಅಲ್ಲಿನ ಪ್ರಾಣಿಗಳು ವಿಷಕ್ಕೆ ಸತ್ತವು. ಕೆಟ್ಟದ್ದು ಮಾಡೋಣ ಅಂತ ಯಾರೂ ಹೊರಟಿರಲಿಲ್ಲ. ಇದು ಅಪ್ಪಟ ಮಿಸ್‌ಗೈಡೆಡ್. ಆದರೆ ಹುಷಾರು, ಪದ ಮೆತ್ತಗೆ ಕಂಡರೂ 'ಪಾಪ, ಮನಸ್ಸು ಒಳ್ಳೆಯದು, ಬುದ್ಧಿ ಸಾಲದು' ಅಂದ ಹಾಗೆ ಕೇಳಿಸುತ್ತದೆ. ಬಾಸ್ ಹಾಕಿದ ಪ್ಲ್ಯಾನ್‌ಗೆ ಇದನ್ನು ಅಂಟಿಸಬೇಡಿ.

ಯಾರೋ ನಿಮಗೆ ಸುಳ್ಳೋ ಅರ್ಧ ಸತ್ಯವೋ ಹೇಳಿ ದಾರಿ ತಪ್ಪಿಸಿದರೆ ಮಿಸ್‌ಲೆಡ್. ನಮ್ಮವರು 'ಏಜೆಂಟ್ ಮಿಸ್‌ಗೈಡ್ ಮಾಡಿದ' ಅನ್ನುತ್ತೇವಲ್ಲ, ಅದನ್ನೇ ದೂರಿನ ಪತ್ರದಲ್ಲಿ ಬರೆಯುವಾಗ 'ಐ ವಾಸ್ ಮಿಸ್‌ಲೆಡ್' ಅಂತಲೇ ಹಾಕಿ. 'ಐ ವಾಸ್ ಮಿಸ್‌ಗೈಡೆಡ್' ಅಂತಷ್ಟೇ ಬರೆದರೆ ತಪ್ಪು ನಿಮ್ಮ ತಲೆಗೇ ಬರುತ್ತದೆ!