ರೇಡಿಯೋ ಪ್ಯಾರಡೈಸ್: ಹಾಡಿಗಿಂತ ಜೋಡಣಿ ಚೊಲೋ ಐತಿ

ನಮ್ಮ ಝೆರಾಕ್ಸ್ ಅಂಗಡ್ಯಾಗ ರೇಡಿಯೋ ಪ್ಯಾರಡೈಸ್ ಅನ್ನೂ ಇಂಟರ್ನೆಟ್ ರೇಡಿಯೋ ಹಾಡಾಕತ್ತಿ ವರ್ಷಗಟ್ಟಲೆ ಆತು, ಆದ್ರೂ ಧಾರವಾಡ ಸಪ್ತಾಪುರದ ಕೋಚಿಂಗ್ ಹುಡುಗ್ರು ನೋಟ್ಸ್ ತಗೊಂಡ ಬಂದಾಗ "ಅಣ್ಣಾ, ಇದ್ಯಾವ ಸ್ಟೇಷನ್ರೀ, ಈಗರ ಗಿಟಾರ್ ಇತ್ತು, ಆಗಲೇ ಪಿಟೀಲ್ ಬಂತಲ್ಲ" ಅಂತ ಕೇಳೂದು ನಿಂತಿಲ್ಲ. ಅದಕ್ಕ ಒಮ್ಮೆ ಬರದ ಹಾಕಿಬಿಡೂಣು ಅಂತ.

ಆಪ್ ಹೆಂಗ ಹಾಕ್ಕೊಬೇಕು, ಚಾನೆಲ್ ಎಷ್ಟ ಅದಾವ, ಅದೆಲ್ಲಾ ಬಿಡ್ರಿ, ನೀವ ನೋಡಿರತೀರಿ. ನಾ ಬಿದ್ದಿದ್ದು ಒಂದ ಹಾಡು ಮುಗದು ಇನ್ನೊಂದು ಸುರು ಆಗೂ ಆ ಜಾಗಾಕ್ಕ. ಬಿಲ್ ಗೋಲ್ಡ್‌ಸ್ಮಿತ್ ಅನ್ನೂ ಹಳೇ ಎಫ್‌ಎಂ ಡಿಜೆ 2000ದಾಗ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಾಗ ಹೆಂಡತಿ ಜೋಡಿ ಕೂಡಿ ಸುರು ಮಾಡಿದ್ದಿದು, ಮನಷ್ಯಾನ ಕಿವಿಲೆ ಜೋಡಿಸಿದ್ದು ಅಂತ ಕೇಳಿದ ಕೂಡ್ಲೆ ಗೊತ್ತಾಗತೈತಿ. ರಾಕ್ ಹಾಡಿನ ಕಡೀ ಗಿಟಾರ್ ಸ್ವರ ಇನ್ನೂ ಆರಿರೂದಿಲ್ಲ, ಅದರ ಬುಡದಾಗಿಂದ ಹಳೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರ ಬಾಖ್‌ನ ಚೆಲ್ಲೋ (ದೊಡ್ಡ ಪಿಟೀಲಿನಂಥಾ ವಾದ್ಯ) ಅದ ಸುರ ಹಿಡಕೊಂಡ ಏಳತೈತಿ, ಆಮ್ಯಾಲ ಅಮೆರಿಕದ ಗಾಯಕ ಜಾನಿ ಕ್ಯಾಶ್ ಆ ಒಡಕ ದನಿಲೆ ಬಂದ್ನಂದ್ರ ಚಾ ತಂದ ಹುಡುಗನೂ ಗ್ಲಾಸ್ ಕೊಡೂದ ಬಿಟ್ಟ ನಿಂತಬಿಡತಾನ. ನಡುವ ಬಂಗಾರದಂಗಡಿ ಜಾಹೀರಾತಿಲ್ಲ, ಒಂದೂ ಇಲ್ಲ, ಕೇಳೂ ಮಂದಿ ಕೊಟ್ಟ ರೊಕ್ಕದಾಗ ನಡಿತೈತಿ.

ಮುಂಜಾನೆ ಆರೂವರಿಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಮಷೀನ್ ಆನ್ ಮಾಡಿ, ಅದು ಬಿಸಿ ಆಗೂತನಾ ಪೇಪರ್ ರೀಮ್ ಡಬ್ಬಿ ಮ್ಯಾಲ ಫೋನ್ ಇಟ್ಟ ಸ್ಪೀಕರ್‌ಗೆ ಕೂಡಸ್ತೀನಿ. ಗಿರಾಕಿ ಇರೂದಿಲ್ಲ ಆಗ. ಕ್ಯಾಲಿಫೋರ್ನಿಯಾದಾಗ ಹಿಂದಿನ ದಿನದ ಸಂಜಿ ನಡದಿರತೈತಿ, ನಮಗಿಂತ ಹನ್ನೆರಡೂವರಿ ತಾಸು ಹಿಂದ, ಚಳಿಗಾಲದಾಗ ಹದಿಮೂರೂವರಿ.

ನಮ್ಮ ಮಾಮಾ ತಬಲಾ ಬಾರಸ್ತಾರ, ಇಂಗ್ಲಿಷ್ ಹಾಡಂದ್ರ ಅವರಿಗೆ ಗದ್ದಲ. ಒಂದಿನ ಅಂಗಡ್ಯಾಗ ಕೂತಾಗ 'ಟೇಕ್ ಫೈವ್' ಬಂತು, 1959ರ ಜಾಝ್, ಐದ ಮಾತ್ರಾದ್ದು. ತೊಡಿ ಮ್ಯಾಲ ಬಳ್ಳು ಸುರು ಆದ್ವು. "ಲೇ ತಮ್ಮಾ, ಝಪತಾಲದ ಅರ್ಧಾ ಇದು, ಎರಡು-ಮೂರು ಇರೂದನ್ನ ಮೂರು-ಎರಡು ಅಂತ ತಿರುವಿ ಹಾಕ್ಯಾರ ನೋಡು" ಅಂದ್ರು. ಝಪತಾಲ ಅಂದ್ರ ತಬಲಾದ ಹತ್ತ ಮಾತ್ರಾದ ತಾಲ. ಅವತ್ತಿಂದ ಅವರೂ ಬಂದ ಕೂಡತಾರ, ಪ್ಯಾಟಿಗೆ ಬಂದಿದ್ದೆ ಅಂತ ನೆವ ಹೇಳಿ.

ಈಗ ಬೈಯೂದು. ರೇಡಿಯೋಕ್ಕಲ್ಲ, ನಮ್ಮ ನೆಟ್ಟಿಗೆ, ಕಂಪನಿ ಹೆಸರ ಬ್ಯಾಡ. ಸಂಜಿಮುಂದ ಹುಡುಗ್ರೆಲ್ಲಾ ವಿಡಿಯೋ ನೋಡಾಕ ಕುಂತ್ರಂದ್ರ ಇಲ್ಲಿ ಗೋಲ್ ಗೋಲ್ ತಿರಗಾಕ ಹತ್ತತೈತಿ, ಅದೂ ಹಾಡಿನ ನಟ್ಟನಡುವ ತಿರಗಿದ್ರ ನಡೀತಿತ್ತು, ಬರೋಬರಿ ಆ ಜೋಡಣಿ ಜಾಗಾದಾಗ ಕಡೀತೈತಿ, ಬಾಖ್ ಬರಬೇಕಾದಲ್ಲಿ ಬರೇ ಫ್ಯಾನಿನ ಸಪ್ಪಳ. ಇಡೀ ರೇಡಿಯೋದ ರುಚಿ ಇದ್ದದ್ದ ಅಲ್ಲಿ, ಅದ ಹ್ವಾದ ಮ್ಯಾಲ ಏನ ಕೇಳೂದು?

ಇನ್ನೊಂದು, ಇದು ಎಲ್ಲಾ ಮಿಕ್ಸ್ ರೇಡಿಯೋಕ್ಕೂ ಇದ್ದದ್ದ. ಸಿತಾರ ಬರತೈತಿ, ಖರೇ, ಆದ್ರ ಖ್ಯಾಲ, ಅಂದ್ರ ರಾಗಾನ ನಿಧಾನಕ ಬಿಡಿಸಿ ಹಾಡೂ ಹಿಂದೂಸ್ತಾನಿ ಗಾಯನ, ಹೆಂಗ ಬರಬೇಕು? ಮನ್ಸೂರರು, ಗಂಗೂಬಾಯಿ, ರಾಜಗುರು ಇವರ ಗಾಯನ ಕೇಳಿದ ಊರು ನಮ್ಮದು. ವಿಲಂಬಿತ ಏಕತಾಲದಾಗ (ನಿಧಾನ ನಡಿಗಿಯ ಹನ್ನೆರಡ ಮಾತ್ರಾದ ತಾಲ) ಒಂದ ಸುತ್ತಿಗೆ, ಅಂದ್ರ ಒಂದ ಆವರ್ತನಕ್ಕ, ಮುಕ್ಕಾಲು ನಿಮಿಷ ಹಿಡಿತೈತಿ, ರಾಗ ಮೈ ಬಿಡೂದ್ರಾಗ ಅರ್ಧಾ ತಾಸು. ಅಷ್ಟೊತ್ತು ಕುಂತ ಕೇಳಿದವಗ ಮುಂದ ರಾಕ್ ಹಾಡ ತಂದ ಜೋಡಿಸಿದ್ರ ಸಿಟ್ಟ ಬರತೈತಿ, ರಾಗ ಕತ್ತರಿಸಿದ್ರ ಇನ್ನೂ ಸಿಟ್ಟ ಬರತೈತಿ. ಅದಕ್ಕ ಖ್ಯಾಲ ಬೇಕಾದಾಗ ಮಾಮಾ ನನ್ನ ಫೋನ್ ಮುಟ್ಟೂದಿಲ್ಲ, ಆಕಾಶವಾಣಿ ಧಾರವಾಡ ಹಚ್ಚತಾರ, 1950ರಿಂದ ಇರೂ ಸ್ಟೇಷನ್ ಅದು.

ಖರ್ಚಿನ ಮಾತು. ದಿನಕ್ಕ ಒಂದೂವರಿ ಜಿಬಿ ಪ್ಯಾಕಿನವರು ಆಪ್‌ನಾಗ ದನಿ ಕ್ವಾಲಿಟಿ 128 ಕೆಬಿಪಿಎಸ್ ಇಟ್ಕೊಳ್ರಿ, ತಾಸಿಗೆ 60 ಎಂಬಿ ಒಳಗ ಆಗತೈತಿ. 320ಕ್ಕ 144 ಎಂಬಿ. ಫ್ಲ್ಯಾಕ್ (ದನಿ ಒಂಚೂರೂ ಕಡಿಮಿ ಮಾಡದ ಕ್ವಾಲಿಟಿ) ಹಚ್ಚಿದ್ರ ಅದರ ಎರಡ-ಮೂರ ಪಟ್ಟು, ಮಧ್ಯಾಹ್ನದಾಗ ಪ್ಯಾಕ್ ಖಲಾಸ್. ಮನಿಯಾಗ ವೈಫೈ, ಚೊಲೋ ಹೆಡ್‌ಫೋನ್ ಇದ್ದವರು ಹಚ್ಕೊಳ್ರಿ, ಝೆರಾಕ್ಸ್ ಮಷೀನ್ ಬಾಜೂಕ ಕೂತ ಕೇಳೂ ನನಗ 128ಕ್ಕೂ ಅದಕ್ಕೂ ಫರಕ ಗೊತ್ತಾಗಿಲ್ಲ.